ಎಣಿಕೆಯಾದ ಸೋಲು, ಎಣಿಕೆಯಾಗದ ಸೋಲು

2025ರ ಜೂನ್ 30ರಂದು ಗೋಶಾಮಹಲ್ ಶಾಸಕ ಟಿ. ರಾಜಾ ಸಿಂಗ್ ಹೈದರಾಬಾದಿನ ಬಿಜೆಪಿ ರಾಜ್ಯ ಕಚೇರಿಗೆ ಬಂದದ್ದು ಪಕ್ಷದ ತೆಲಂಗಾಣ ಘಟಕದ ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಸಲ್ಲಿಸಲು. ಹೊರಗೆ ಹೋದದ್ದು ಪಕ್ಷಕ್ಕೇ ರಾಜೀನಾಮೆ ಕೊಟ್ಟು. ನಾಮಪತ್ರಕ್ಕೆ ರಾಜ್ಯ ಪರಿಷತ್ತಿನ ಹತ್ತು ಸದಸ್ಯರ ಬೆಂಬಲ ಬೇಕಿತ್ತು. ತಮ್ಮ ಪರವಾಗಿ ಸಹಿ ಹಾಕಲು ಬಂದವರನ್ನು ಬೆದರಿಸಲಾಯಿತು ಎಂದು ಅವರು ಆರೋಪಿಸಿದರು. ಮರುದಿನ ಎನ್. ರಾಮಚಂದರ್ ರಾವ್ ಅವಿರೋಧವಾಗಿ ಆಯ್ಕೆಯಾದರು. ಜುಲೈ 11ರಂದು ರಾಜಾ ಸಿಂಗ್ ಅವರ ರಾಜೀನಾಮೆ ಅಂಗೀಕಾರವಾಯಿತು.

ಆ ಶಾಸಕರ ರಾಜಕಾರಣವನ್ನು ಮೆಚ್ಚುವುದು, ಬಿಡುವುದು ಬೇರೆ ಮಾತು. ಇಲ್ಲಿ ನೋಡಬೇಕಾದದ್ದು ಒಂದೇ: ಮತವೇ ಬೀಳಲಿಲ್ಲ. ಚುನಾವಣೆ ನಡೆದಿದ್ದರೆ ಅವರು ಹೀನಾಯವಾಗಿ ಸೋಲುತ್ತಿದ್ದರೋ, ನಾಲ್ಕೇ ಮತಗಳಿಂದ ಸೋಲುತ್ತಿದ್ದರೋ, ಗೆಲ್ಲುತ್ತಿದ್ದರೋ ಅವರಿಗೂ ಗೊತ್ತಾಗಲಿಲ್ಲ, ಪಕ್ಷಕ್ಕೂ ಗೊತ್ತಾಗಲಿಲ್ಲ. ತನಗೆ ಎಷ್ಟು ಜನರ ಬೆಂಬಲವಿದೆ ಎಂದು ತಿಳಿಯದೆ ಸೋತವನು ಏನು ಮಾಡಬೇಕು? ಪಕ್ಷದೊಳಗಿನ ಸೋಲಿನ ಬಗ್ಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು. ಉತ್ತರ ಹುಡುಕಲು ಹೈದರಾಬಾದಿಗಿಂತ ಒಳ್ಳೆಯ ಊರಿಲ್ಲ. ಕನ್ನಡಿಗರಿಗೂ ಇದು ಹೊರಗಿನ ಊರಲ್ಲ. ಬೀದರ್, ಕಲಬುರಗಿ, ರಾಯಚೂರುಗಳ ರಾಜಕಾರಣ 1956ರವರೆಗೆ ನಡೆದದ್ದು ಇಲ್ಲಿಂದಲೇ.

1946ರ ಜುಲೈನಲ್ಲಿ ನಿಜಾಮ್ ಸರ್ಕಾರ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಮೇಲಿನ ನಿಷೇಧವನ್ನು ತೆರವುಗೊಳಿಸಿತು. 1938ರಲ್ಲಿ ಕಣ್ಣು ಬಿಡುವ ಮೊದಲೇ ನಿಷೇಧಕ್ಕೆ ಒಳಗಾದ ಸಂಸ್ಥೆ ಅದು. ನಡುವಿನ ವರ್ಷಗಳಲ್ಲಿ ಕೆಲಸವೆಲ್ಲ ನಡೆದದ್ದು ತೆಲುಗರ ಆಂಧ್ರ ಮಹಾಸಭೆ, ಮರಾಠಿಗರ ಮಹಾರಾಷ್ಟ್ರ ಪರಿಷತ್ತು, ಕನ್ನಡಿಗರ ಕರ್ನಾಟಕ ಪರಿಷತ್ತು ಎಂಬ ಮೂರು ಹೆಸರುಗಳ ಆಸರೆಯಲ್ಲಿ. ನಿಷೇಧ ತೆರವಾದ ಮೇಲೆ ಮೂರೂ ಹರಿವುಗಳು ಒಂದಾಗಬೇಕಿತ್ತು, ಒಬ್ಬ ಅಧ್ಯಕ್ಷ ಬೇಕಿತ್ತು. ಕಣದಲ್ಲಿ ಇಬ್ಬರು.

ಒಬ್ಬರು ಸ್ವಾಮಿ ರಮಾನಂದ ತೀರ್ಥ. ಹುಟ್ಟಿದ್ದು 1903ರಲ್ಲಿ, ಈಗಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ್. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಬಳಿ ಕೆಲಸ ಮಾಡಿದವರು, ಮರಾಠವಾಡದ ಶಾಲೆಗಳಲ್ಲಿ ಮೇಷ್ಟರಾಗಿದ್ದವರು, ಆಮೇಲೆ ಸಂನ್ಯಾಸ ತೆಗೆದುಕೊಂಡವರು, ನಿಜಾಮನ ಸೆರೆಮನೆಗಳನ್ನು ಚೆನ್ನಾಗಿ ಬಲ್ಲವರು. ಇನ್ನೊಬ್ಬರು ಬೂರ್ಗುಲ ರಾಮಕೃಷ್ಣ ರಾವ್. ಹೈದರಾಬಾದಿನ ಹೆಸರಾಂತ ವಕೀಲರು, ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿದವರು, ತೆಲುಗು, ಸಂಸ್ಕೃತ, ಪಾರಸಿ, ಉರ್ದುಗಳಲ್ಲಿ ಪಂಡಿತರು, 1931ರಲ್ಲಿ ದೇವರಕೊಂಡದಲ್ಲಿ ನಡೆದ ಎರಡನೆಯ ಆಂಧ್ರ ಮಹಾಸಭೆಯ ಅಧ್ಯಕ್ಷರು. ಸ್ವಾಮೀಜಿಗೆ ನೇರ ಹೋರಾಟದಲ್ಲಿ ನಂಬಿಕೆ. ಬೂರ್ಗುಲರಿಗೆ ಮಾತುಕತೆ, ಮನವಿ, ಹಂತಹಂತದ ಸುಧಾರಣೆಯಲ್ಲಿ. ಇಬ್ಬರೂ ಪ್ರಾಮಾಣಿಕರು, ಇಬ್ಬರ ಬೆನ್ನಿಗೂ ದೊಡ್ಡ ಪಡೆ ಇತ್ತು. ಸ್ವಾಮೀಜಿ ಗೆದ್ದರು. ಆದರೆ ಅಂತರ ತೀರಾ ಕಡಿಮೆಯಿತ್ತು.

ಸ್ವಲ್ಪದರಲ್ಲಿ ಸೋಲುವುದರ ಕಷ್ಟವೇ ಬೇರೆ. ಸಾವಿರ ಮತಗಳಿಂದ ಸೋತವನು ಜನ ತನ್ನನ್ನು ಬೇಡ ಎಂದರು ಎಂದುಕೊಂಡು ಮನೆಗೆ ಹೋಗುತ್ತಾನೆ. ಕೆಲವೇ ಮತಗಳಿಂದ ಸೋತವನಿಗೆ ಆ ಕೆಲವರ ಹೆಸರು, ಊರು, ಮುಖ ಎಲ್ಲವೂ ಗೊತ್ತಿರುತ್ತದೆ. ರೈಲು ತಪ್ಪಿಸಿಕೊಂಡವನು, ಕೊನೆಯ ರಾತ್ರಿ ಮನಸ್ಸು ಬದಲಿಸಿದವನು, ಮಾತು ಕೊಟ್ಟು ತಪ್ಪಿದವನು ಎಲ್ಲರೂ ಒಬ್ಬೊಬ್ಬರಾಗಿ ನೆನಪಾಗುತ್ತಾರೆ. ಅದಕ್ಕಿಂತ ಕಠಿಣವಾದದ್ದು ಬೆಂಬಲಿಗರ ಸಂಕಟ. ನಾಯಕ ಸೋಲನ್ನು ನುಂಗಿಕೊಂಡರೂ ಅವರು ನುಂಗುವುದಿಲ್ಲ. ಪಕ್ಷಗಳು ಒಡೆಯುವುದು ಬಹಳ ಸಲ ಸೋತವರ ಮನೆಯ ಜಗಲಿಯಲ್ಲಿ, ಅವರಿಗಿಂತ ಹೆಚ್ಚು ನೊಂದವರ ಮಾತುಗಳಿಂದ. ಹೊರಗಿನ ಎದುರಾಳಿಯಿಂದ ಸೋತರೆ ಮುಂದಿನ ಐದು ವರ್ಷ ಅವನ ಮುಖ ನೋಡಬೇಕಾಗಿಲ್ಲ. ಪಕ್ಷದೊಳಗೆ ಸೋತವನು ಮರುದಿನವೇ ಗೆದ್ದವನ ಪಕ್ಕದಲ್ಲಿ, ಅದೇ ವೇದಿಕೆಯ ಮೇಲೆ ಕೂರಬೇಕು. ಅವನ ಹೆಸರಿಗೇ ಜೈಕಾರ ಹಾಕಬೇಕು.

ಬೂರ್ಗುಲರು ಕಾಂಗ್ರೆಸ್ ಬಿಡಲಿಲ್ಲ. ಹಾಗೆಂದು ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. 1947ರ ಜೂನ್‌ನಲ್ಲಿ ಮುಶೀರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸ್ವಾಮೀಜಿಯ ಅಧ್ಯಕ್ಷತೆಯಲ್ಲಿ ನಡೆಯಿತು. ಆಗಸ್ಟ್ 7ರಂದು ಭಾರತ ಒಕ್ಕೂಟ ಸೇರಬೇಕೆಂಬ ಹೋರಾಟ ಶುರುವಾಯಿತು. ಸ್ವಾಮೀಜಿ ಜೈಲು ಸೇರಿದರು. ಮುಂದಿನ ಒಂದು ವರ್ಷ ನಿಜಾಮನ ಪರ ನಿಂತ ರಜಾಕಾರ ಪಡೆಯ ಹಾವಳಿ, ಗಡಿ ಶಿಬಿರಗಳು, ಊರು ಬಿಟ್ಟ ಕುಟುಂಬಗಳು, ಹೀಗೆ ಕಲ್ಯಾಣ ಕರ್ನಾಟಕದ ಹಿರಿಯರು ಇಂದಿಗೂ ಮರೆಯದ ದಿನಗಳು. 1948ರ ಸೆಪ್ಟೆಂಬರ್ 17ರಂದು ನಿಜಾಮ್ ಶರಣಾದ. ಸ್ವಾಮೀಜಿ ಹೊರಬಂದಾಗ ಅವರ ಎದುರಿಗಿದ್ದದ್ದು ಒಗ್ಗಟ್ಟಿನ ಪಕ್ಷವಲ್ಲ. ಹಳೆಯ ಎರಡು ಬಣಗಳೂ ಹಾಗೇ ಇದ್ದವು. ಸ್ವಾಮೀಜಿಯದು ಒಂದು, ಬೂರ್ಗುಲರದು ಇನ್ನೊಂದು. ವಿಮೋಚನೆಯಾದ ರಾಜ್ಯವನ್ನು ಜನಪ್ರತಿನಿಧಿಗಳ ಕೈಗೆ ಕೊಡಲು ದೆಹಲಿ ಹಿಂದೆಮುಂದೆ ನೋಡಿತು. ಮೊದಲು ಸೇನಾ ಆಡಳಿತ, ಆಮೇಲೆ ಐಸಿಎಸ್ ಅಧಿಕಾರಿ ಎಂ.ಕೆ. ವೆಲ್ಲೋಡಿಯವರ ಸರ್ಕಾರ. ಇದಕ್ಕೆ ತೆಲಂಗಾಣದ ರೈತ ಸಶಸ್ತ್ರ ಹೋರಾಟವೂ ದೊಡ್ಡ ಕಾರಣ. ಆದರೆ ಕಾಂಗ್ರೆಸ್ ಒಗ್ಗಟ್ಟಾಗಿದ್ದಿದ್ದರೆ ದೆಹಲಿಗೆ ಅಷ್ಟು ಸುಲಭದ ನೆಪ ಸಿಗುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಅದೇ ಹೊತ್ತಿಗೆ ಇನ್ನೊಂದನ್ನೂ ಹೇಳಬೇಕು. ಸೋತ ಬಣ ಪಕ್ಷದೊಳಗೇ ಉಳಿದದ್ದರಿಂದ ಅದಕ್ಕೆ ಇನ್ನೊಂದು ಸರದಿ ಸಿಕ್ಕಿತು. 1950ರಲ್ಲಿ ಬೂರ್ಗುಲರು ವೆಲ್ಲೋಡಿ ಸಂಪುಟದಲ್ಲಿ ಸಚಿವರಾದರು. 1952ರ ಮೊದಲ ಚುನಾವಣೆಯಲ್ಲಿ 175 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ 93 ಗೆದ್ದಿತು. ಮಾರ್ಚ್ 6ರಂದು ಬೂರ್ಗುಲರು ಮುಖ್ಯಮಂತ್ರಿಯಾದರು. ಸ್ಟೇಟ್ ಕಾಂಗ್ರೆಸ್ಸಿನ ಹೋರಾಟದ ಕಾಲದ ಮುಂಚೂಣಿ ನಾಯಕ ದಿಗಂಬರರಾವ್ ಬಿಂದು ಅದೇ ಸಂಪುಟದ ಗೃಹ ಸಚಿವರು. ಆ ಚುನಾವಣೆಯಲ್ಲಿ ಸ್ವಾಮೀಜಿ ಗುಲ್ಬರ್ಗದಿಂದ ಲೋಕಸಭೆಗೆ ಹೋದರು, 1957ರಲ್ಲಿ ಔರಂಗಾಬಾದಿನಿಂದ. ಅಧಿಕಾರದ ಕುರ್ಚಿಯಲ್ಲಿ ಅವರು ಎಂದೂ ಕೂರಲಿಲ್ಲ. 1953ರ ಜನವರಿಯಲ್ಲಿ ಹೈದರಾಬಾದಿನ ನಾನಲ್‌ನಗರದಲ್ಲಿ ಕಾಂಗ್ರೆಸ್ ಮಹಾಧಿವೇಶನ ನಡೆದಾಗ ಒಬ್ಬರು ಆತಿಥೇಯ ರಾಜ್ಯದ ಮುಖ್ಯಮಂತ್ರಿ, ಇನ್ನೊಬ್ಬರು ಆ ರಾಜ್ಯವನ್ನೇ ಭಾಷಾವಾರು ವಿಂಗಡಿಸಬೇಕು ಎಂದು ವಾದಿಸುತ್ತಿದ್ದವರು. 1956ರ ನವೆಂಬರ್ 1ರಂದು ಸ್ವಾಮೀಜಿಯ ವಾದವೇ ನಿಂತಿತು. ಬೂರ್ಗುಲರು ಮುಖ್ಯಮಂತ್ರಿಗಿರಿ ಬಿಟ್ಟು ಕೇರಳದ ರಾಜ್ಯಪಾಲರಾಗಿ ಹೋದರು. 1946ರಲ್ಲಿ ಗೆದ್ದವರಿಗೆ ಗುರಿ ಸಿಕ್ಕಿತು, ಸೋತವರಿಗೆ ಗದ್ದುಗೆ ಸಿಕ್ಕಿತು. ಯಾರು ಹೆಚ್ಚು ಪಡೆದರು ಎಂದು ಇಂದು ಹೇಳುವುದು ಕಷ್ಟ.

ಆ ಕಾಲದ ಕಾಂಗ್ರೆಸ್ಸಿನಲ್ಲಿ ಇಂಥ ಎಣಿಕೆಗಳು ಅಪರೂಪವಾಗಿರಲಿಲ್ಲ. ಆಂಧ್ರ ಬ್ಯಾಂಕ್ ಸ್ಥಾಪಿಸಿದ ಡಾ. ಪಟ್ಟಾಭಿ ಸೀತಾರಾಮಯ್ಯ 1939ರ ಜನವರಿಯಲ್ಲಿ ಅಖಿಲ ಭಾರತ ಅಧ್ಯಕ್ಷ ಸ್ಥಾನಕ್ಕೆ ಸುಭಾಷ್‌ಚಂದ್ರ ಬೋಸರ ವಿರುದ್ಧ ನಿಂತು ಸೋತರು. ಬೋಸರಿಗೆ 1,580, ಪಟ್ಟಾಭಿಯವರಿಗೆ 1,377. ಈ ಸೋಲು ಅವರಿಗಿಂತ ಹೆಚ್ಚಾಗಿ ತನ್ನದು ಎಂದು ಗಾಂಧೀಜಿ ಹೇಳಿಕೆ ಕೊಟ್ಟರು. ಮುಂದಿನದು ಎಲ್ಲರಿಗೂ ಗೊತ್ತು. ಕಾರ್ಯಕಾರಿ ಸಮಿತಿಯ ಹೆಚ್ಚಿನ ಸದಸ್ಯರು ರಾಜೀನಾಮೆ ಕೊಟ್ಟರು, ತ್ರಿಪುರಿ ಅಧಿವೇಶನದಲ್ಲಿ ಪಂತ್ ನಿರ್ಣಯ ಬೋಸರ ಕೈ ಕಟ್ಟಿತು, ಏಪ್ರಿಲ್ ಕೊನೆಗೆ ಅವರೇ ರಾಜೀನಾಮೆ ಕೊಟ್ಟರು, ಮೇ ತಿಂಗಳಲ್ಲಿ ಫಾರ್ವರ್ಡ್ ಬ್ಲಾಕ್ ಹುಟ್ಟಿತು. 203 ಮತಗಳ ಗೆಲುವನ್ನು ಮೂರು ತಿಂಗಳಲ್ಲಿ ಅರ್ಥವಿಲ್ಲದಂತೆ ಮಾಡಲಾಯಿತು. ಗಾಂಧೀಜಿಯ ಬಗ್ಗೆ ಎಷ್ಟೇ ಗೌರವವಿದ್ದರೂ ಇಲ್ಲಿ ನಡೆದದ್ದು ಸರಿ ಎಂದು ಒಪ್ಪಲು ನನ್ನಿಂದಾಗದು. ಮತದಲ್ಲಿ ಸೋತ ಮೇಲೆ ಸಮಿತಿಯಲ್ಲಿ ಗೆಲ್ಲುವುದು ಎಂಬ ದಾರಿ ಅಂದು ತೆರೆಯಿತು. ನಮ್ಮ ಎಲ್ಲ ಪಕ್ಷಗಳೂ ಇಂದಿಗೂ ಅದರಲ್ಲೇ ನಡೆಯುತ್ತಿವೆ.

ಪಟ್ಟಾಭಿಯವರು ಮಾತ್ರ ಕಾದರು. ಒಂಬತ್ತು ವರ್ಷಗಳ ನಂತರ, 1948ರಲ್ಲಿ, ಪುರುಷೋತ್ತಮದಾಸ್ ಟಂಡನ್ ವಿರುದ್ಧ 1,199ಕ್ಕೆ 1,085 ಮತಗಳಿಂದ ಗೆದ್ದು ಅಧ್ಯಕ್ಷರಾದರು. ನೆಹರೂ, ಪಟೇಲರ ಜೊತೆ ಜೆವಿಪಿ ಸಮಿತಿಯಲ್ಲಿ ಕೂತು ಭಾಷಾವಾರು ಪ್ರಾಂತ್ಯಗಳನ್ನು ಸದ್ಯಕ್ಕೆ ಮುಂದೂಡಿ ಎಂದು ವರದಿ ಬರೆದವರಲ್ಲಿ ಅವರೂ ಒಬ್ಬರು. ಕರ್ನಾಟಕ ಏಕೀಕರಣಕ್ಕಾಗಿ ಕಾದವರ ಮನಸ್ಸಿನಲ್ಲಿ ಆ ಹೆಸರು ಉಳಿದದ್ದು ಹಾಗೆ. ಇತ್ತ 114 ಮತಗಳಿಂದ ಸೋತ ಟಂಡನ್ ಎರಡು ವರ್ಷ ಕಾದು 1950ರಲ್ಲಿ ಮತ್ತೆ ನಿಂತರು. ಅವರಿಗೆ 1,306, ಆಚಾರ್ಯ ಕೃಪಲಾನಿಯವರಿಗೆ 1,092. ಈ ಸಲ ಸೋತ ಕೃಪಲಾನಿ ಕಾಯಲಿಲ್ಲ, ಮರುವರ್ಷ ಪಕ್ಷ ಬಿಟ್ಟು ಕಿಸಾನ್ ಮಜ್ದೂರ್ ಪ್ರಜಾ ಪಕ್ಷ ಕಟ್ಟಿದರು. ಟಂಡನ್ನರೂ ನೆಹರೂ ಜೊತೆ ಹೊಂದಾಣಿಕೆಯಾಗದೆ ಅದೇ ವರ್ಷ ಇಳಿದರು. ಸೋತ ಮೂವರೂ ಬೇರೆಬೇರೆ ದಾರಿ ಹಿಡಿದರು. ಆದರೆ ತನಗೆ ಎಷ್ಟು ಜನರ ಬೆಂಬಲವಿದೆ ಎಂಬುದು ಮೂವರಿಗೂ ಅಂಕಿಗಳಲ್ಲಿ ತಿಳಿದಿತ್ತು. ಉಳಿಯಬೇಕೋ, ಕಾಯಬೇಕೋ, ಹೊರಡಬೇಕೋ ಎಂಬ ನಿರ್ಧಾರಕ್ಕೆ ಬೇಕಾದ ಮೊದಲ ಮಾಹಿತಿ ಅದು.

ನೀಲಂ ಸಂಜೀವ ರೆಡ್ಡಿಯವರ ಕಥೆ ನಮ್ಮ ಬೆಂಗಳೂರಿಗೂ ಸೇರಿದ್ದು. ಹೈದರಾಬಾದ್ ರಾಜಧಾನಿಯಾದ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ ಅವರು. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಎಐಸಿಸಿ ಸಭೆ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿ ಪಕ್ಷದ ಅಧಿಕೃತ ಅಭ್ಯರ್ಥಿಯಾದರು. ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಇಂದಿರಾ ಗಾಂಧಿ ಕರೆ ಕೊಟ್ಟರು. ಹೆಸರಿಗೆ ಅದು ದೇಶದ ಚುನಾವಣೆ. ನಿಜದಲ್ಲಿ ಒಂದೇ ಪಕ್ಷದ ಎರಡು ಬಣಗಳ ಬಲಪರೀಕ್ಷೆ. ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ ಎದುರಾಳಿ ವಿ.ವಿ. ಗಿರಿಯವರಿಗೆ 4,20,077, ಸಂಜೀವ ರೆಡ್ಡಿಯವರಿಗೆ 4,05,427. ಆ ನವೆಂಬರಿನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಅಭ್ಯರ್ಥಿಯಾಗಲು ಲೋಕಸಭಾಧ್ಯಕ್ಷ ಪದವಿಯನ್ನೂ ಬಿಟ್ಟಿದ್ದ ಸಂಜೀವ ರೆಡ್ಡಿ 1971ರಲ್ಲಿ ಲೋಕಸಭೆಗೂ ಸೋತು ಅನಂತಪುರ ಕಡೆ ಬೇಸಾಯಕ್ಕೆ ಮರಳಿದರು. 1977ರಲ್ಲಿ ಆಂಧ್ರಪ್ರದೇಶದಿಂದ ಜನತಾ ಪಕ್ಷದ ಏಕೈಕ ಸಂಸದರಾಗಿ ನಂದ್ಯಾಲದಿಂದ ಗೆದ್ದರು. ಅದೇ ವರ್ಷ ಅವಿರೋಧವಾಗಿ ರಾಷ್ಟ್ರಪತಿಯಾದರು.

1969ರ ನಂತರ ಎಣಿಕೆಯೇ ನಿಲ್ಲುತ್ತಾ ಬಂತು. ವರಿಷ್ಠರು, ವೀಕ್ಷಕರು, ಒಂದು ಸಾಲಿನ ನಿರ್ಣಯ, ಮುಚ್ಚಿದ ಲಕೋಟೆ ಎಂಬ ಮಾತುಗಳು ಪತ್ರಿಕೆ ಓದುವ ಎಲ್ಲರಿಗೂ ಬಾಯಿಪಾಠ. ಶಾಸಕರು ಒಬ್ಬೊಬ್ಬರಾಗಿ ಒಳಗೆ ಹೋಗಿ ಅಭಿಪ್ರಾಯ ಹೇಳಿ ಬರುತ್ತಾರೆ. ಲೆಕ್ಕ ದೆಹಲಿಗೆ ಹೋಗುತ್ತದೆ. ಯಾರಿಗೆ ಎಷ್ಟು ಎಂದು ಪ್ರಕಟವಾಗುವುದಿಲ್ಲ. 2013ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಿದ್ದರಾಮಯ್ಯ ಶಾಸಕಾಂಗ ಪಕ್ಷದ ನಾಯಕರಾದದ್ದು ಹಾಗೆ, 2023ರ ಮೇ ತಿಂಗಳಲ್ಲೂ ಹಾಗೆ. 2023ರ ಡಿಸೆಂಬರ್ 4ರಂದು ಹೈದರಾಬಾದಿನಲ್ಲಿ ತೆಲಂಗಾಣ ಕಾಂಗ್ರೆಸ್ ಶಾಸಕರು ಸೇರಿದಾಗ ವೀಕ್ಷಕರಾಗಿ ಬಂದವರು ನಮ್ಮ ಡಿ.ಕೆ. ಶಿವಕುಮಾರ್. ಅಲ್ಲೂ ಒಂದು ಸಾಲಿನ ನಿರ್ಣಯ, ಮರುದಿನ ದೆಹಲಿಯಿಂದ ರೇವಂತ್ ರೆಡ್ಡಿಯವರ ಹೆಸರು. 2021ರಲ್ಲಿ ರೇವಂತ್ ರೆಡ್ಡಿಯವರನ್ನು ಪ್ರದೇಶ ಅಧ್ಯಕ್ಷರನ್ನಾಗಿ ಮಾಡಿದಾಗಲೂ ಮತದಾನ ಇರಲಿಲ್ಲ. ಆಕಾಂಕ್ಷಿಯಾಗಿದ್ದ ಕೋಮಟಿರೆಡ್ಡಿ ವೆಂಕಟ ರೆಡ್ಡಿ ಬಹಿರಂಗವಾಗಿ ಸಿಡಿದೆದ್ದರು. ಅವರ ಸಿಟ್ಟು ತಣ್ಣಗಾಗಲು ಎರಡು ವರ್ಷ ಹಿಡಿಯಿತು. ಕೊನೆಗೆ ರೇವಂತ್ ಸಂಪುಟದಲ್ಲೇ ಸಚಿವರಾದರು.

ಎಣಿಕೆಯಾಗದ ಸೋಲು ಎಷ್ಟು ಕಾಲ ಒಳಗೆ ಉಳಿಯುತ್ತದೆ ಎಂಬುದಕ್ಕೆ ಮಲ್ಲಿಕಾರ್ಜುನ ಖರ್ಗೆಯವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಹಳೆಯ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ 1942ರಲ್ಲಿ ಹುಟ್ಟಿದವರು, ರಜಾಕಾರರ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡವರು. 1999ರಲ್ಲಿ ಶಾಸಕಾಂಗ ಪಕ್ಷದ ನಾಯಕರಾಗಿ ದುಡಿದರೂ ಮುಖ್ಯಮಂತ್ರಿಯಾದವರು ಎಸ್.ಎಂ. ಕೃಷ್ಣ. 2013ರಲ್ಲೂ ಅವಕಾಶ ತಪ್ಪಿತು. ಅವರು ಪಕ್ಷ ಬಿಡಲಿಲ್ಲ, ಬಂಡಾಯವೂ ಏಳಲಿಲ್ಲ. 2013ರ ಜೂನ್‌ನಲ್ಲಿ ರೈಲ್ವೆ ಸಚಿವರಾಗಿ ದೆಹಲಿಯಲ್ಲೇ ಉಳಿದರು. ಆದರೆ 2025ರ ಜುಲೈನಲ್ಲಿ ವಿಜಯಪುರದ ವೇದಿಕೆಯಲ್ಲಿ ನಿಂತು, 1999ರಲ್ಲಿ ತಾವು ಪಟ್ಟ ಶ್ರಮವೆಲ್ಲ ವ್ಯರ್ಥವಾಯಿತು ಎಂದು ಅವರು ನೆನೆದರು. ಇಪ್ಪತ್ತಾರು ವರ್ಷಗಳ ನಂತರ, ರಾಷ್ಟ್ರೀಯ ಅಧ್ಯಕ್ಷರಾಗಿ ಮೂರನೆಯ ವರ್ಷದಲ್ಲಿ! ಇದನ್ನು ಅಧಿಕಾರದಾಸೆ ಎಂದು ತಳ್ಳಿಹಾಕುವುದು ಅನ್ಯಾಯ. ತನ್ನ ಪರ ಎಷ್ಟು ಶಾಸಕರಿದ್ದರು ಎಂದು ಯಾರೂ ಎಣಿಸಿ ಹೇಳದಿದ್ದರೆ ಆ ಪ್ರಶ್ನೆ ಮುಗಿಯುವುದೇ ಇಲ್ಲ.

ಅದೇ ಖರ್ಗೆಯವರು 2022ರ ಅಕ್ಟೋಬರಿನಲ್ಲಿ ಮತಪೆಟ್ಟಿಗೆಯ ಮೂಲಕ ಅಧ್ಯಕ್ಷರಾದರು. 9,385 ಮತಗಳಲ್ಲಿ ಅವರಿಗೆ 7,897, ಶಶಿ ತರೂರ್ ಅವರಿಗೆ 1,072, ತಿರಸ್ಕೃತವಾದವು 416. ಎಲ್ಲವೂ ಬಹಿರಂಗ. ಅಂತರ ದೊಡ್ಡದೇ. ಕಣ ಸಮವಾಗಿರಲಿಲ್ಲ ಎಂಬ ದೂರನ್ನು ತರೂರ್ ಎತ್ತಿದರು, ಆದರೂ ಫಲಿತಾಂಶವನ್ನು ಒಪ್ಪಿ ಖರ್ಗೆಯವರನ್ನು ಅಭಿನಂದಿಸಿದರು. ಮರುವರ್ಷದ ಆಗಸ್ಟ್‌ನಲ್ಲಿ ಖರ್ಗೆ ಅವರನ್ನು ಕಾರ್ಯಕಾರಿ ಸಮಿತಿಗೆ ತೆಗೆದುಕೊಂಡರು. ಆ ಹೊಸ ಸಮಿತಿಯ ಮೊದಲ ಸಭೆ ನಡೆದದ್ದು 2023ರ ಸೆಪ್ಟೆಂಬರ್ 16ರಂದು, ಹೈದರಾಬಾದಿನಲ್ಲಿ. ತರೂರ್ ಅವರ ಮುಂದಿನ ನಡೆಗಳ ಬಗ್ಗೆ ಪಕ್ಷದಲ್ಲಿ ಅಸಮಾಧಾನವಿದೆ, ಅದು ಬೇರೆ ವಿಷಯ. 1,072 ಎಂಬ ಅಂಕಿ ಮಾತ್ರ ಅವರಿಗೆ ಯಾರ ದಯೆಯಿಂದಲೂ ಬಂದದ್ದಲ್ಲ.

ಬಿಜೆಪಿಯಲ್ಲೂ ಒಮ್ಮೆ ಮತ ಬಿದ್ದದ್ದುಂಟು. 2011ರ ಆಗಸ್ಟ್ 3ರಂದು ಬೆಂಗಳೂರಿನಲ್ಲಿ ಶಾಸಕರ ಗುಪ್ತ ಮತದಾನದಲ್ಲಿ ಡಿ.ವಿ. ಸದಾನಂದ ಗೌಡರ ಎದುರು ಜಗದೀಶ ಶೆಟ್ಟರ್ ಸೋತರು. ಮೊದಲು ಮುನಿಸು, ಆಮೇಲೆ ಸಂಪುಟ ಸೇರ್ಪಡೆ, ಒಂದೇ ವರ್ಷದಲ್ಲಿ, 2012ರ ಜುಲೈ 12ರಂದು, ಅವರೇ ಮುಖ್ಯಮಂತ್ರಿ. ಶಾಸಕರ ಮತದಲ್ಲಿ ಸೋತಾಗ ಪಕ್ಷ ಬಿಡದ ಶೆಟ್ಟರ್, 2023ರಲ್ಲಿ ಮತವೇ ಇಲ್ಲದೆ ಟಿಕೆಟ್ ತಪ್ಪಿದಾಗ ಕಾಂಗ್ರೆಸ್ಸಿಗೆ ಹೋದರು. ಅಲ್ಲಿ ಸೋತು ಮರುವರ್ಷ ಹಿಂದಿರುಗಿದರು.

ಟಿಕೆಟ್ಟನ್ನೇ ಮತಕ್ಕೆ ಹಾಕುವ ಪ್ರಯೋಗವೂ ನಮ್ಮಲ್ಲಿ ಆಗಿದೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ದೇಶದ ಹದಿನೈದರ ಆಸುಪಾಸಿನ ಕ್ಷೇತ್ರಗಳಲ್ಲಿ ಕಾರ್ಯಕರ್ತರಿಂದಲೇ ಅಭ್ಯರ್ಥಿಯನ್ನು ಆರಿಸಿತು. ಅವುಗಳಲ್ಲಿ ಎರಡು ಕರ್ನಾಟಕದವು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ, ವೀರಪ್ಪ ಮೊಯಿಲಿಯವರ ಮಗ ಹರ್ಷ ಮೊಯಿಲಿಯವರನ್ನು ಸೋಲಿಸಿದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ಕೇಂದ್ರ ಸಚಿವರ ಮಗನೂ ಸಾಲಿನಲ್ಲಿ ನಿಂತು ಸೋಲಬಹುದು ಎಂಬುದು ಸಣ್ಣ ಸಾಧನೆಯಲ್ಲ. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ವಡೋದರಾದಲ್ಲಿ ಹೀಗೆ ಆಯ್ಕೆಯಾದ ನರೇಂದ್ರ ರಾವತ್ ಮೋದಿಯವರ ಎದುರು ಹಿರಿಯ ನಾಯಕರೊಬ್ಬರಿಗೆ ಜಾಗ ಬಿಟ್ಟುಕೊಟ್ಟರು. ಪ್ರಯೋಗ ಅಲ್ಲಿಗೇ ನಿಂತಿತು. ಒಂದು ಸೋಲಿಗೆ ಇಡೀ ಪದ್ಧತಿಯನ್ನೇ ಕೈಬಿಟ್ಟದ್ದು ತಪ್ಪು. ಆ ವರ್ಷ ಕಾಂಗ್ರೆಸ್ ಸೋತದ್ದು ಕಾರ್ಯಕರ್ತರು ಆರಿಸಿದ ಕ್ಷೇತ್ರಗಳಲ್ಲಿ ಮಾತ್ರವಲ್ಲ, ವರಿಷ್ಠರು ಆರಿಸಿದ ಕ್ಷೇತ್ರಗಳಲ್ಲೂ.

ಅಮೆರಿಕದಲ್ಲಿ ಈ ಒಳಚುನಾವಣೆಗೆ ಕಾನೂನಿನ ಬಲವಿದೆ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಪಕ್ಷದ ಒಳಚುನಾವಣೆಯಲ್ಲಿ ಸೋತವರು ಅದೇ ಹುದ್ದೆಗೆ ಪಕ್ಷೇತರರಾಗಿ ನಿಲ್ಲುವಂತಿಲ್ಲ. ಹೈದರಾಬಾದಿನಲ್ಲಿ ಹುಟ್ಟಿದ ಅರುಣಾ ಮಿಲ್ಲರ್ 2018ರಲ್ಲಿ ಮೇರಿಲ್ಯಾಂಡಿನ ಆರನೇ ಕ್ಷೇತ್ರದ ಡೆಮಾಕ್ರಟಿಕ್ ಒಳಚುನಾವಣೆಯಲ್ಲಿ, ಸ್ವಂತ ಹಣವನ್ನು ಧಾರಾಳವಾಗಿ ಸುರಿದ ಉದ್ಯಮಿ ಡೇವಿಡ್ ಟ್ರೋನ್ ಎದುರು ಎರಡನೆಯವರಾಗಿ ಸೋತರು. ಅದಕ್ಕಾಗಿ ರಾಜ್ಯ ಶಾಸನಸಭೆಯ ಸ್ಥಾನವನ್ನೂ ಬಿಟ್ಟಿದ್ದರು. ಐದು ವರ್ಷದೊಳಗೆ ಅದೇ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆದರು. ಹೈದರಾಬಾದಿನಲ್ಲೇ ಹುಟ್ಟಿದ ಗಜಾಲಾ ಹಾಶ್ಮಿ 2025ರ ಜೂನ್‌ನಲ್ಲಿ ವರ್ಜೀನಿಯಾದಲ್ಲಿ ಶೇ. 1ಕ್ಕೂ ಕಡಿಮೆ ಅಂತರದಿಂದ ಒಳಚುನಾವಣೆ ಗೆದ್ದರು. ಎರಡನೆಯವರಾದ ಲೆವರ್ ಸ್ಟೋನಿ ಮರುದಿನವೇ ಸೋಲೊಪ್ಪಿಕೊಂಡರು. ನವೆಂಬರಿನಲ್ಲಿ ಹಾಶ್ಮಿ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಆರಿಸಿಬಂದರು. ಆ ದೇಶದ ರಾಜಕಾರಣದಲ್ಲಿ ದೋಷಗಳು ಬೇಕಾದಷ್ಟಿವೆ, ಅಲ್ಲಿ ಹಣದ ಆಟ ನಮಗಿಂತ ಕಡಿಮೆಯೇನಲ್ಲ. ಆದರೆ ಸೋತವರ ಕೈಯಲ್ಲಿ ಅಂಕಿಗಳ ಪಟ್ಟಿ ಇರುತ್ತದೆ. ಯಾವ ಬಡಾವಣೆ ತನ್ನದು, ಯಾವುದು ಕೈಬಿಟ್ಟಿತು ಎಂದು ತಿಳಿದು ಮತ್ತೆ ಶುರುಮಾಡಬಹುದು.

ನಮ್ಮಲ್ಲಿ ಕಾನೂನು ಅರ್ಧ ದಾರಿಯಲ್ಲೇ ನಿಂತಿದೆ. 1989ರಲ್ಲಿ ಜನಪ್ರತಿನಿಧಿ ಕಾಯ್ದೆಗೆ ಸೇರಿದ 29ಎ ಕಲಮಿನಂತೆ ಪಕ್ಷಗಳು ಸಂವಿಧಾನಕ್ಕೆ, ಪ್ರಜಾಪ್ರಭುತ್ವಕ್ಕೆ ನಿಷ್ಠೆ ಘೋಷಿಸಿ ನೋಂದಣಿ ಮಾಡಿಸುತ್ತವೆ. ಒಳಗೆ ಚುನಾವಣೆ ನಡೆಸಿದ್ದೇವೆ ಎಂದು ಚುನಾವಣಾ ಆಯೋಗಕ್ಕೆ ಕಾಗದ ಕಳಿಸುತ್ತವೆ. ಮಾತು ತಪ್ಪಿದ ಪಕ್ಷದ ನೋಂದಣಿ ರದ್ದುಮಾಡುವ ಅಧಿಕಾರ ಸಾಮಾನ್ಯವಾಗಿ ಆಯೋಗಕ್ಕಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಕ್ಷಗಳ ಆಂತರಿಕ ಪ್ರಜಾಪ್ರಭುತ್ವಕ್ಕೆ ಕಾನೂನು ಬೇಕೆಂದು ಕಾನೂನು ಆಯೋಗ 1999ರಲ್ಲೇ ತನ್ನ 170ನೇ ವರದಿಯಲ್ಲಿ ಹೇಳಿತ್ತು, 2015ರಲ್ಲಿ ಮತ್ತೆ ಹೇಳಿತು. ಯಾವ ಸರ್ಕಾರವೂ ಕೈಹಾಕಿಲ್ಲ.

ಹಾಗಾದರೆ ಸ್ವಲ್ಪದರಲ್ಲಿ ಸೋತವರು ಏನು ಮಾಡಬೇಕು? ಬೂರ್ಗುಲ, ಪಟ್ಟಾಭಿ, ಸಂಜೀವ ರೆಡ್ಡಿಯವರ ಬದುಕು ನೋಡಿದರೆ ಒಂದು ಮಾತು ಧೈರ್ಯವಾಗಿ ಹೇಳಬಹುದು. ತಮಗೆ ಬಿದ್ದ ಮತಗಳನ್ನು ಅವರು ಆಸ್ತಿ ಎಂದು ತಿಳಿಯಬೇಕು. ಅಷ್ಟು ಜನ ಅವರ ದಾರಿ ಸರಿ ಎಂದು ಒಪ್ಪಿದ್ದಾರೆ, ಅವರನ್ನು ನಡುದಾರಿಯಲ್ಲಿ ಬಿಟ್ಟು ಹೋಗುವ ಹಕ್ಕು ನಾಯಕನಿಗಿಲ್ಲ. ಗೆದ್ದವರ ಹೊಣೆ ಇನ್ನೂ ದೊಡ್ಡದು. ಸ್ವಲ್ಪದರಲ್ಲಿ ಗೆದ್ದವನಿಗೆ ಸಿಕ್ಕಿರುವುದು ಅರ್ಧ ಪಕ್ಷ ಮಾತ್ರ. ಉಳಿದರ್ಧವನ್ನು ಅವನು ಕೇಳಿ ಪಡೆಯಬೇಕು. 1939ರಲ್ಲಿ ಸೋತವರ ಕಡೆಯವರೇ ಆ ಅವಕಾಶ ಕೊಡಲಿಲ್ಲ. 1946ರಲ್ಲಿ ಎರಡೂ ಕಡೆಯವರು ಸಾಕಷ್ಟು ಪ್ರಯತ್ನ ಮಾಡಲಿಲ್ಲ.

ಓದುಗರಲ್ಲಿ ಯಾವುದೇ ಪಕ್ಷದ ಸದಸ್ಯತ್ವ ಚೀಟಿ ಹೊಂದಿರುವವರು ಬಹಳ ಜನ ಇದ್ದೀರಿ. ನಿಮ್ಮ ತಾಲ್ಲೂಕು, ಜಿಲ್ಲೆ, ರಾಜ್ಯ ಘಟಕದ ಮುಂದಿನ ಅಧ್ಯಕ್ಷರ ಆಯ್ಕೆ ಬಂದಾಗ ಸರ್ವಾನುಮತ ಎಂಬ ಮಾತಿಗೆ ತಕ್ಷಣ ಚಪ್ಪಾಳೆ ತಟ್ಟಬೇಡಿ. ಇನ್ನೊಬ್ಬರು ನಿಲ್ಲಬಯಸಿದ್ದರೆ ಅವರ ನಾಮಪತ್ರಕ್ಕೆ ಸಹಿ ಹಾಕಿ, ಮತ ಅವರಿಗೆ ಹಾಕದಿದ್ದರೂ ಸರಿ. ಪೆಟ್ಟಿಗೆ ತೆರೆದ ದಿನ ಇಬ್ಬರಿಗೂ ಬಿದ್ದ ಮತಗಳ ಸಂಖ್ಯೆಯನ್ನು ಕಚೇರಿಯ ಗೋಡೆಯ ಮೇಲೆ ಬರೆಸಿ ಎಂದು ಒತ್ತಾಯಿಸಿ.